ಏದುಸಿರಿನ ಒಂದು ನಿಮಿಷ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳ ಲೇಖನ)

"ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ದುಡಿಯದೆ ಕುಳಿತರೆ ಕೂಡಿಟ್ಟ ಹೊನ್ನೂ ಕರಗುತ್ತದೆಂಬುದು ಅದರ ತಾತ್ಪರ್ಯ. ಹೊನ್ನಿನ ಮಾತು ಹೇಗೋ ದೇಹದ ಮಾತೂ ಹಾಗೆಯೇ. ಬಾಲ್ಯದ ಓಡಾಟ, ಆಟಪಾಟಗಳಲ್ಲಿ ನಾವು ಕೂಡಿಟ್ಟ ಕಸುವು ಕುಳಿತು ಉಂಡರೆ ನಮಗೆ ಅರಿವಾಗದಂತೆಯೇ ಕರಗಿಹೋಗುವುದು. ಈ ಸತ್ಯ ನನಗೆ ಗ್ರಂಥದಿಂದ ತಿಳಿಯಲಿಲ್ಲ. ಒಂದು ಕೊಡ ನೀರಿನಿಂದ ತಿಳಿಯಿತು.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗಿದ್ದೆ. ೨೦೧೯ರಲ್ಲಿ ಜಲ ಜೀವನ್ ಮಿಷನ್ ಯೋಜನೆ ಆರಂಭವಾದ ಮೇಲೆ ನಮ್ಮ ಊರಿನ ಮನೆಗಳ ಮುಂದೆಯೂ ನಲ್ಲಿಗಳು ಬಂದಿವೆ. ಆದರೆ ಆ ವಾರ ಊರಿನ ಕೊಳವೆ ಬಾವಿಯ ಮೋಟಾರು ಸುಟ್ಟು ಎರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಅವ್ವನ ಜೊತೆಗೆ ನಾನೂ ಕೊಡ ಹಿಡಿದು ತೋಟದ ಬಾವಿಗೆ ಹೊರಟೆ. ಇಳಿಯುವಾಗ ಸುಖವಾಗಿಯೇ ಇದ್ದಿತು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ದಿಣ್ಣೆ ಹತ್ತುವಾಗ ಎದೆ ಡವಗುಟ್ಟಿತು, ಕಾಲು ನಡುಗಿತು. ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಯಿತು. ನಲವತ್ತಾರು ವರ್ಷದ ಅವ್ವ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು, ನೆರೆಮನೆಯವರ ಹಸು ಕರು ಹಾಕಿದ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತ ಹತ್ತಿದಳು. ಮೇಲೆ ಬಂದು ನಿಂತು ನನ್ನನ್ನು ನೋಡಿ, "ಓದೀ ಓದೀ ಕಾಲಿನ ಶಕ್ತಿಯೆಲ್ಲ ತಲೆಗೆ ಹತ್ತಿಬಿಟ್ಟದೆ ಕಣವ್ವ ನಿಂಗೆ" ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮಗಳು ತನ್ನಂತೆ ಕೊಡ ಹೊರಬಾರದೆಂದೇ ಅವ್ವ ನನ್ನನ್ನು ಓದಲು ಕಳುಹಿಸಿದಳು. ಆಕೆಯ ಇಷ್ಟದಂತೆ ನಾನು ಕೊಡ ಬಿಟ್ಟೆ. ಕೊಡದ ಜೊತೆಗೆ ಕಸುವನ್ನೂ ಬಿಟ್ಟುಬಿಟ್ಟೆ. ಕೊಡವನ್ನು ಮರಳಿ ಹೊರದೆ, ಕೊಡ ಕೊಡುತ್ತಿದ್ದ ಕಸುವನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಹುಡುಕಿದುದರ ಫಲವೇ ಈ ಲೇಖನ.

ಏದುಸಿರಿಗೆ ಎರಡು ಕಾರಣ

ಮೊದಲು ಒಂದು ಎಚ್ಚರಿಕೆಯ ಮಾತು. ರಜೆ ಮುಗಿಸಿ ಬಂದ ಮೇಲೆ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕದವರು ಆರೋಗ್ಯ ತಪಾಸಣೆ ಏರ್ಪಡಿಸಿದ್ದರು. ನನ್ನ ರಕ್ತದಲ್ಲಿ ಹಿಮೋಗ್ಲೋಬಿನ್ ೯.೪ ಗ್ರಾಂ ಮಾತ್ರ ಇದ್ದಿತು. ಹೆಂಗಸರಿಗೆ ಅದು ೧೨ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ಆಮ್ಲಜನಕವನ್ನು ಹೊರುವ ಬಂಡಿಗಳೇ ಕಡಿಮೆಯಾದರೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದಿರುವುದು ಸಹಜ. ಅದು ಸೋಮಾರಿತನವಲ್ಲ, ಕಾಯಿಲೆ. ವೈದ್ಯರು ನನಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು; ಮೂರು ವಾರ ಕಳೆದ ಮೇಲೆ ಮೆಲ್ಲಗೆ ವ್ಯಾಯಾಮ ತೊಡಗಬಹುದೆಂದರು. ನನ್ನ ಸೋದರಿ ವಿದ್ಯಾರ್ಥಿನಿಯರು ಮುಂದಿನದನ್ನು ಓದುವ ಮುನ್ನ ಇದನ್ನು ನೆನಪಿಡತಕ್ಕದ್ದು.

ಎರಡನೆಯ ಕಾರಣವನ್ನು ನಾನೇ ಲೆಕ್ಕ ಹಾಕಿದೆ. ಒಂದು ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುಳಿತ ಹೊತ್ತನ್ನೆಲ್ಲ ಗುರುತು ಹಾಕಿಕೊಂಡೆ: ಹಾಸ್ಟೆಲಿನ ಮಂಚದ ಮೇಲೆ, ತರಗತಿಯ ಬೆಂಚಿನ ಮೇಲೆ, ವಾಚನಾಲಯದ ಕುರ್ಚಿಯ ಮೇಲೆ, ಊಟದ ಪಂಕ್ತಿಯಲ್ಲಿ, ರಾತ್ರಿ ಮೊಬೈಲಿನ ಮುಂದೆ. ಒಟ್ಟು ಹದಿಮೂರು ಗಂಟೆ! ಇದು ನನ್ನೊಬ್ಬಳ ಕಥೆಯಲ್ಲ. ೨೦೨೪ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಅಂದಾಜಿನಂತೆ, ೨೦೨೨ರಲ್ಲಿ ಭಾರತದ ವಯಸ್ಕ ಗಂಡಸರಲ್ಲಿ ನೂರಕ್ಕೆ ೪೨ ಮಂದಿಗೂ ಹೆಂಗಸರಲ್ಲಿ ೫೭ ಮಂದಿಗೂ ಸಾಕಷ್ಟು ದೈಹಿಕ ಚಟುವಟಿಕೆಯಿರಲಿಲ್ಲ.

ಲಂಡನ್ನಿನ ಬಸ್ಸುಗಳು

ಮೆಟ್ಟಿಲಿಗೂ ಹೃದಯಕ್ಕೂ ಇರುವ ನಂಟನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರಲ್ಲಿ ಬ್ರಿಟನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯರು ಪ್ರಮುಖರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹೃದಯಾಘಾತಗಳು ಹೆಚ್ಚುತ್ತಿದ್ದವು, ಕಾರಣ ಸ್ಪಷ್ಟವಿರಲಿಲ್ಲ. ಮಾರಿಸ್ ಅವರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳತ್ತ ನೋಡಿದರು. ಒಂದೇ ಬಸ್ಸಿನಲ್ಲಿ ಇಬ್ಬರು ನೌಕರರು. ಇಬ್ಬರದೂ ಹೆಚ್ಚು ಕಡಮೆ ಒಂದೇ ಬಗೆಯ ಬಾಳು. ಆದರೆ ಡ್ರೈವರು ಪಾಳಿಯುದ್ದಕ್ಕೂ ಕುಳಿತೇ ಇರುವನು; ಕಂಡಕ್ಟರು ಟಿಕೆಟು ಕೊಡಲು ದಿನಕ್ಕೆ ೫೦೦ರಿಂದ ೭೫೦ ಮೆಟ್ಟಿಲು ಹತ್ತುವನು. ೩೫ರಿಂದ ೬೪ ವಯಸ್ಸಿನ ಸುಮಾರು ೩೧,೦೦೦ ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿ, ೧೯೫೩ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೃದಯದ ರಕ್ತನಾಳದ ಕಾಯಿಲೆ ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ ೨.೭ ಮಂದಿಗೆ ಬಂದರೆ, ಸಾವಿರ ಕಂಡಕ್ಟರುಗಳಲ್ಲಿ ೧.೯ ಮಂದಿಗೆ ಮಾತ್ರ ಬಂದಿತ್ತು.

ಇಲ್ಲಿ ಒಂದು ಸಂದೇಹ ಹುಟ್ಟುವುದು. ಮೊದಲೇ ದಪ್ಪಗಿದ್ದವರು ಡ್ರೈವರುಗಳಾಗಿ, ತೆಳ್ಳಗಿದ್ದವರು ಕಂಡಕ್ಟರುಗಳಾಗಿರಬಹುದಲ್ಲವೆ? ಮಾರಿಸ್ ಅವರೇ ಇದನ್ನು ಯೋಚಿಸಿ, ನೌಕರರಿಗೆ ಕೊಟ್ಟ ಸಮವಸ್ತ್ರಗಳ ಅಳತೆಯನ್ನು ತೆಗೆಸಿ ನೋಡಿದರು. ಡ್ರೈವರುಗಳ ಷರಾಯಿಯ ಸೊಂಟದ ಸುತ್ತಳತೆ ಹೆಚ್ಚಾಗಿತ್ತು! ತಮ್ಮ ವಾದಕ್ಕೆ ತೊಡಕಾಗುವ ಈ ಸಂಗತಿಯನ್ನು ಅವರು ಮುಚ್ಚಿಡದೆ ೧೯೫೬ರಲ್ಲಿ ಪ್ರಕಟಿಸಿದರು. ಮುಂದೆ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ಸುಮಾರು ೧೭,೦೦೦ ಸರ್ಕಾರಿ ನೌಕರರನ್ನು ಅಧ್ಯಯನ ಮಾಡಿದರು. ಬಿಡುವಿನ ವೇಳೆಯಲ್ಲಿ ಬಿರುಸಾದ ವ್ಯಾಯಾಮ ಮಾಡುತ್ತಿದ್ದವರಿಗೆ ಹೃದ್ರೋಗದ ಅಪಾಯ ಉಳಿದವರಿಗಿದ್ದುದರ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ ಇತ್ತೆಂದು ೧೯೭೩ರಲ್ಲಿ ವರದಿ ಮಾಡಿದರು. ಬಡತನದಲ್ಲಿ ಬೆಳೆದ ಈ ಮಹನೀಯರು ೨೦೦೯ರಲ್ಲಿ ತಮ್ಮ ೯೯ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಒಂದು ನಿಮಿಷದಲ್ಲಿ ನಡೆಯುವುದೇನು?

ಬಿರುಸಾದ ಚಟುವಟಿಕೆ ಎಂದರೆ ಯಾವುದು? ಇದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ. ಕೆಲಸ ಮಾಡುತ್ತ ಸರಾಗವಾಗಿ ಮಾತನಾಡಬಲ್ಲೆವಾದರೆ ಅದು ಹಗುರ ಅಥವಾ ಮಧ್ಯಮ. ಎರಡು ಮೂರು ಮಾತಿಗೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅದು ಬಿರುಸು. ಇದು ಅವರವರ ಶಕ್ತಿಗೆ ತಕ್ಕ ಅಳತೆ. ದಿಣ್ಣೆಯ ಮೇಲೆ ಅವ್ವ ಹಸುವಿನ ಕಥೆ ಹೇಳುತ್ತಿದ್ದಳು, ನನಗೆ "ಹೂಂ" ಎನ್ನಲೂ ಆಗುತ್ತಿರಲಿಲ್ಲ. ಒಂದೇ ದಿಣ್ಣೆ, ಆಕೆಗೆ ಮಧ್ಯಮ, ನನಗೆ ಬಿರುಸು.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಆದುದರಿಂದ ಸ್ನಾಯುವಿನ ವ್ಯವಹಾರವನ್ನು ಹಣದ ಲೆಕ್ಕದಲ್ಲಿಯೇ ಹೇಳುತ್ತೇನೆ. ಎ.ಟಿ.ಪಿ. ಎಂಬ ವಸ್ತು ಸ್ನಾಯುವಿನ ಕೈಯಲ್ಲಿರುವ ಚಿಲ್ಲರೆ. ಕೆಲವೇ ಕ್ಷಣಗಳಲ್ಲಿ ಮುಗಿಯುವುದು. ಕ್ರಿಯೇಟಿನ್ ಫಾಸ್ಫೇಟ್ ಎಂಬುದು ಸಂಚಿಯಲ್ಲಿಟ್ಟ ಹಣ. ಅದರಿಂದ ಸುಮಾರು ಹತ್ತು ಸೆಕೆಂಡು ಕಳೆಯಬಹುದು. ಆಮೇಲೆ ಪೆಟ್ಟಿಗೆಯಲ್ಲಿ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆಯನ್ನು ಅವಸರವಾಗಿ ಒಡೆಯಬೇಕು. ಆಗ ಲ್ಯಾಕ್ಟೇಟ್ ಕೂಡುತ್ತದೆ, ತೊಡೆಗಳು ಉರಿಯುತ್ತವೆ. ಈ ನಡುವೆ ಶ್ವಾಸಕೋಶ ಮತ್ತು ಹೃದಯಗಳು ಆಮ್ಲಜನಕದ ಸರಬರಾಜನ್ನು ಹೆಚ್ಚಿಸುತ್ತವೆ. ಇದು ತಿಂಗಳ ಸಂಬಳವಿದ್ದಂತೆ. ತಡವಾಗಿ ಬಂದರೂ ನೆಚ್ಚಬಹುದಾದ ಆದಾಯ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ಐದು ಲೀಟರು ರಕ್ತವನ್ನು ನೂಕುವ ಹೃದಯ ಬಿರುಸಾದ ಕೆಲಸದಲ್ಲಿ ಅದರ ಮೂರು ನಾಲ್ಕರಷ್ಟನ್ನು ನೂಕಬೇಕಾಗುವುದು.

ಸಂಬಳ ಬರುವ ಮುನ್ನವೇ ಪೆಟ್ಟಿಗೆ ಬರಿದಾಗುವ ಈ ಇಕ್ಕಟ್ಟೇ ದೇಹಕ್ಕೆ ಪಾಠ ಕಲಿಸುತ್ತದೆ. ಇಂಥ ಇಕ್ಕಟ್ಟು ಮತ್ತೆ ಮತ್ತೆ ಬಂದರೆ, ಜೀವಕೋಶಗಳೊಳಗೆ ಆಮ್ಲಜನಕವನ್ನು ಬಳಸಿ ಶಕ್ತಿಯನ್ನುಂಟುಮಾಡುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲುದು. ಮಧುಮೇಹ ಹೆಚ್ಚುತ್ತಿರುವ ನಮ್ಮ ನಾಡಿಗೆ ಇದು ಸಣ್ಣ ಮಾತಲ್ಲ.

ಅಳತೆಗೆ ಸಿಕ್ಕ ಚೂರು ನಿಮಿಷಗಳು

ಒಂದು ನಿಮಿಷದಿಂದ ಏನಾದೀತು ಎಂದು ನಗುವವರಿಗೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಮಾರ್ಟಿನ್ ಗಿಬಾಲ ಮತ್ತು ಅವರ ಸಂಗಡಿಗರ ಪ್ರಯೋಗಗಳು ಉತ್ತರ ಹೇಳುತ್ತವೆ. ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ಗಂಡಸರ ಒಂದು ಗುಂಪು ವಾರಕ್ಕೆ ಮೂರು ದಿನ ೪೫ ನಿಮಿಷ ಮಧ್ಯಮ ವೇಗದಲ್ಲಿ ಸೈಕಲು ತುಳಿಯಿತು. ಇನ್ನೊಂದು ಗುಂಪು ಹತ್ತೇ ನಿಮಿಷ ತುಳಿಯಿತು. ಅದರಲ್ಲಿ ೨೦ ಸೆಕೆಂಡುಗಳಂತೆ ಮೂರು ಬಾರಿ ಮಾತ್ರ ಶಕ್ತಿಯಿದ್ದಷ್ಟೂ ಬಿರುಸಾಗಿ, ಉಳಿದ ಹೊತ್ತು ಮೆಲ್ಲಗೆ. ಹನ್ನೆರಡು ವಾರಗಳ ಅನಂತರ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಎರಡು ಗುಂಪುಗಳಲ್ಲಿಯೂ ಸುಮಾರು ನೂರಕ್ಕೆ ೧೯ರಷ್ಟು ಹೆಚ್ಚಿತು.

೨೦೧೯ರ ಪ್ರಯೋಗ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಅದರಲ್ಲಿ ಸೈಕಲೂ ಇಲ್ಲ, ಇರುವುದು ಮೆಟ್ಟಿಲು ಮಾತ್ರ. ೨೪ ಮಂದಿ ತರುಣರಲ್ಲಿ ಒಂದು ಗುಂಪಿನವರು ಮೂರು ಅಂತಸ್ತುಗಳ ೬೦ ಮೆಟ್ಟಿಲುಗಳನ್ನು ದಿನಕ್ಕೆ ಮೂರು ಬಾರಿ, ನಡುವೆ ಒಂದರಿಂದ ನಾಲ್ಕು ಗಂಟೆ ಬಿಡುವು ಕೊಟ್ಟು, ಬಿರುಸಾಗಿ ಹತ್ತಿದರು. ವಾರಕ್ಕೆ ಮೂರು ದಿನದಂತೆ ಆರು ವಾರ ಹೀಗೆ ಮಾಡಿದ ಮೇಲೆ ಅವರ ಸಾಮರ್ಥ್ಯ, ಹತ್ತದೆ ಇದ್ದವರಿಗಿಂತ ಸುಮಾರು ನೂರಕ್ಕೆ ೫ರಷ್ಟು ಮೇಲಾಗಿತ್ತು. ದೊಡ್ಡ ಲಾಭವಲ್ಲ, ಆದರೆ ಖರ್ಚೂ ದೊಡ್ಡದಲ್ಲ.

ವ್ಯಾಯಾಮವೆಂದು ಮಾಡದೆ, ನಿತ್ಯದ ಕೆಲಸದ ನಡುವೆ ತಾನಾಗಿ ಬಂದ ಬಿರುಸಿನಿಂದ ಉಪಯೋಗವುಂಟೆ? ಸಿಡ್ನಿ ವಿಶ್ವವಿದ್ಯಾನಿಲಯದ ಇಮ್ಯಾನ್ಯುಯೆಲ್ ಸ್ಟಮಟಾಕಿಸ್ ಮತ್ತು ಸಂಗಡಿಗರು ಇದನ್ನು ೨೦೨೨ರಲ್ಲಿ ಪ್ರಕಟಿಸಿದರು. ಬಿಡುವಿನಲ್ಲಿ ಯಾವ ವ್ಯಾಯಾಮವನ್ನೂ ಮಾಡದ ಬ್ರಿಟನ್ನಿನ ೨೫,೨೪೧ ಮಂದಿ ಮಣಿಕಟ್ಟಿಗೆ ಚಲನೆಯನ್ನು ಅಳೆಯುವ ಸಾಧನವನ್ನು ಕಟ್ಟಿಕೊಂಡಿದ್ದರು. ಅವರ ಸರಾಸರಿ ವಯಸ್ಸು ಸುಮಾರು ೬೨. ಬಸ್ಸಿಗೆ ಓಡುವುದು, ಏರು ಹತ್ತುವುದು, ಭಾರ ಒಯ್ಯುವುದು ಮೊದಲಾದ ಒಂದೆರಡು ನಿಮಿಷಗಳ ಬಿರುಸು ದಿನಕ್ಕೆ ಮೂರು ಬಾರಿ ಇದ್ದವರಲ್ಲಿ, ಅದು ಸ್ವಲ್ಪವೂ ಇಲ್ಲದವರಿಗಿಂತ, ಮುಂದಿನ ಸುಮಾರು ಏಳು ವರ್ಷಗಳಲ್ಲಿ ಸಾವಿನ ಅಪಾಯ ನೂರಕ್ಕೆ ೩೮ರಿಂದ ೪೦ರಷ್ಟು ಕಡಿಮೆಯಿತ್ತು. ೨೦೨೪ರ ಇನ್ನೊಂದು ವರದಿಯಲ್ಲಿ, ದಿನಕ್ಕೆ ೩.೪ ನಿಮಿಷಗಳಷ್ಟು ಇಂಥ ಬಿರುಸು ಇದ್ದ ಹೆಂಗಸರಲ್ಲಿ ಹೃದಯ ಮತ್ತು ರಕ್ತನಾಳಗಳ ದೊಡ್ಡ ಆಘಾತಗಳ ಅಪಾಯ ನೂರಕ್ಕೆ ೪೫ರಷ್ಟು ಕಡಿಮೆಯಿತ್ತು.

ಇಲ್ಲಿಯೂ ಸಮವಸ್ತ್ರದ ಪಾಠವನ್ನು ಮರೆಯಬಾರದು. ಇವು ಜನರನ್ನು ದೂರದಿಂದ ಗಮನಿಸಿದ ಅಧ್ಯಯನಗಳು. ಮೊದಲೇ ಆರೋಗ್ಯವುಳ್ಳವರು ಹೆಚ್ಚು ಬಿರುಸಾಗಿ ಓಡಾಡಿರಬಹುದು. ಆದರೆ ಪ್ರಯೋಗಶಾಲೆಯ ಫಲವೂ ಸಮಾಜದಲ್ಲಿ ಕಂಡ ಫಲವೂ ಒಂದೇ ದಿಕ್ಕನ್ನು ತೋರಿಸುತ್ತಿರುವಾಗ ನಂಬಿಕೆ ಹೆಚ್ಚುವುದು ನ್ಯಾಯವೇ. ವಿಶ್ವ ಆರೋಗ್ಯ ಸಂಸ್ಥೆಯೂ ೨೦೧೦ರಲ್ಲಿ, ಚಟುವಟಿಕೆ ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂದು ಹೇಳಿದ್ದಿತು; ೨೦೨೦ರಲ್ಲಿ ಆ ನಿಬಂಧನೆಯನ್ನು ಕೈಬಿಟ್ಟಿತು. ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ, ಇಲ್ಲವೆ ೭೫ರಿಂದ ೧೫೦ ನಿಮಿಷ ಬಿರುಸಾದ ಚಟುವಟಿಕೆ ಬೇಕೆಂಬುದು ಈಗಲೂ ಅದರ ಸಲಹೆ. ಚೂರು ನಿಮಿಷಗಳು ಆ ಗುರಿಗೆ ಬದಲಲ್ಲ. ಆ ಗುರಿಯತ್ತ ಮೊದಲ ಮೆಟ್ಟಿಲು.

ಹೊರೆ ಬೇರೆ, ವ್ಯಾಯಾಮ ಬೇರೆ

ಹಾಗಾದರೆ ಹಳ್ಳಿಯ ಹೆಂಗಸರ ದುಡಿಮೆಯೇ ಉತ್ತಮ ವ್ಯಾಯಾಮ, ನಲ್ಲಿ ಬೇಡ, ಗಿರಣಿ ಬೇಡ, ಮತ್ತೆ ಬಾವಿಗೂ ಬೀಸುಕಲ್ಲಿಗೂ ಹೋಗೋಣ ಎಂದು ಕೆಲವರು ಹೇಳಬಹುದು. ಇಂಥ ಮಾತನ್ನು ಹೇಳುವವರು ಸಾಮಾನ್ಯವಾಗಿ ಕೊಡ ಹೊತ್ತವರಲ್ಲ. ಸುಮಾರು ೧,೯೩,೦೦೦ ಜನರನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯಲ್ಲಿ, ಜೀವನೋಪಾಯಕ್ಕಾಗಿ ಹೆಚ್ಚು ಮೈಮುರಿದು ದುಡಿಯುವ ಗಂಡಸರಿಗೆ ಅಕಾಲ ಮರಣದ ಅಪಾಯ, ಕಡಿಮೆ ಶ್ರಮದ ಕೆಲಸದವರಿಗಿಂತ ನೂರಕ್ಕೆ ೧೮ರಷ್ಟು ಹೆಚ್ಚೆಂದು ಕಂಡುಬಂದಿದೆ. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಬಡತನ, ಧೂಮಪಾನ ಮೊದಲಾದುವೂ ಕಾರಣವಿರಬಹುದು. ಆದರೂ ವಿದ್ವಾಂಸರು ಕೊಡುವ ಒಂದು ವಿವರಣೆ ಯೋಚಿಸತಕ್ಕದ್ದು: ವ್ಯಾಯಾಮ ಬಿರುಸಾಗಿರುತ್ತದೆ, ಬೇಗ ಮುಗಿಯುತ್ತದೆ, ಅನಂತರ ದೇಹಕ್ಕೆ ವಿಶ್ರಾಂತಿ ಸಿಗುತ್ತದೆ. ಹೊರೆಯ ಕೆಲಸ ಗಂಟೆಗಟ್ಟಲೆ ಸಾಗುತ್ತದೆ. ರಕ್ತದೊತ್ತಡವೂ ನಾಡಿಯೂ ಏರಿಯೇ ಇರುತ್ತವೆ. ವಿಶ್ರಾಂತಿಯನ್ನು ನಿರ್ಧರಿಸುವವನು ದುಡಿಯುವವನಲ್ಲ.

ಅವ್ವ ದಿಣ್ಣೆಯನ್ನು ಮಾತನಾಡುತ್ತ ಹತ್ತುತ್ತಾಳೆ, ನಿಜ. ಆದರೆ ರಾತ್ರಿ ಮಲಗುವ ಮುನ್ನ ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಾಳೆ. ಆ ನೋವನ್ನು ನಾವು ಆರೋಗ್ಯದ ಲೆಕ್ಕಕ್ಕೆ ಜಮಾ ಮಾಡಬಾರದು. ನಲ್ಲಿ ಬಂದುದು ಒಳ್ಳೆಯದೇ ಆಯಿತು. ಕೊಡದಲ್ಲಿದ್ದ ಒಳ್ಳೆಯದು ಆ ದಿಣ್ಣೆಯ ಒಂದು ನಿಮಿಷ. ಉಳಿದುದು ಹೊರೆ.

ಆ ನಿಮಿಷ ಎಲ್ಲಿದೆ?

ಆ ಒಂದು ನಿಮಿಷವನ್ನು ಎಲ್ಲಿ ಹುಡುಕೋಣ? ದೂರ ಹೋಗಬೇಕಾಗಿಲ್ಲ. ನಮ್ಮ ವಾಚನಾಲಯ ಎರಡನೆಯ ಮಹಡಿಯಲ್ಲಿದೆ. ಅದಕ್ಕೆ ೪೬ ಮೆಟ್ಟಿಲು. ಕಾಲೆಳೆದು ಹತ್ತುವ ಬದಲು ಬಿರುಸಾಗಿ ಹತ್ತಿದರೆ ಅರ್ಧ ನಿಮಿಷ. ಬಸ್ ನಿಲ್ದಾಣದಿಂದ ಕಾಲೇಜಿಗೆ ಬರುವ ಏರಿನಲ್ಲಿ ಕೊನೆಯ ಇನ್ನೂರು ಹೆಜ್ಜೆಗಳನ್ನು ದಾಪುಗಾಲಿಟ್ಟರೆ ಎರಡು ನಿಮಿಷ. ಸೈಕಲಿನಲ್ಲಿ ಬರುವವರು ಅದೇ ಏರನ್ನು ಇಳಿಯದೆ ತುಳಿಯಬಹುದು. ಹಾಸ್ಟೆಲಿನಲ್ಲಿ ಕೆಳಗಿನಿಂದ ಒಂದು ಬಕೆಟ್ಟು ನೀರನ್ನು ಮೇಲಕ್ಕೆ ಒಯ್ಯುವುದು, ರಜಾದಿನ ಕಂಬಳಿ ಒಗೆಯುವುದು, ಮನೆಯಲ್ಲಿ ತಮ್ಮ ತಂಗಿಯರೊಡನೆ ಕುಂಟೆಬಿಲ್ಲೆ ಆಡುವುದು, ಹಗ್ಗದಾಟ, ಇವೆಲ್ಲವೂ ಆಗಬಹುದು. ಮೆಟ್ಟಿಲೇ ಇಲ್ಲದ ಮನೆಯಲ್ಲಿ ಬಸ್ಕಿ ಇದ್ದೇ ಇದೆ. ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಹೊಡೆದುದರಿಂದ ನಮಗೆ ಅದು ಶಿಕ್ಷೆಯೆಂದೇ ಪರಿಚಯ; ಗರಡಿಯವರಿಗೆ ಅದು ಸಾಧನೆ.

ದಿನಕ್ಕೆ ಮೂರು ಬಾರಿ, ನಡುವೆ ಬಿಡುವು ಕೊಟ್ಟು, ಮಾತು ತುಂಡಾಗುವಷ್ಟು ಬಿರುಸು. ಇಷ್ಟೇ ನಿಯಮ. ಮೊದಲ ವಾರ ಒಂದು ಬಾರಿ ಸಾಕು. ಊಟವಾದ ಕೂಡಲೇ ಬೇಡ. ಒದ್ದೆ ಮೆಟ್ಟಿಲಿನ ಮೇಲೆ ಬೇಡ. ಜಾರುವ ಚಪ್ಪಲಿ ಬೇಡ. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದ್ರೋಗ, ರಕ್ತದೊತ್ತಡ ಉಳ್ಳವರೂ ಗರ್ಭಿಣಿಯರೂ ವಯಸ್ಸಾದವರೂ ಮೊದಲೇ ಕೇಳಿ ತೊಡಗುವುದು ಕ್ಷೇಮ.

ಹುಡುಗಿಯರಿಗೆ ಇನ್ನೊಂದು ಅಡ್ಡಿಯುಂಟು. "ಹೆಣ್ಣುಮಕ್ಕಳು ದಡದಡ ಮೆಟ್ಟಿಲು ಹತ್ತಬಾರದು" ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಕಾಲೇಜಿನಲ್ಲಿಯೂ ಮೊದಲ ದಿನ ನಾನು ಬಿರುಸಾಗಿ ಹತ್ತಿದಾಗ ಮೆಟ್ಟಿಲ ಬಳಿ ನಿಂತವರು ತಿರುಗಿ ನೋಡಿ ನಕ್ಕರು. ಎರಡನೆಯ ದಿನ ಗೆಳತಿಯರಿಬ್ಬರು ಜೊತೆಯಾದರು. ಮೂರನೆಯ ವಾರಕ್ಕೆ ನೋಡುವವರಿಗೇ ಬೇಸರವಾಯಿತು. ಕೊಡ ಹೊತ್ತು ಏದುಸಿರು ಬಿಡುವ ಹೆಣ್ಣನ್ನು ಕಂಡು ಯಾರೂ ನಗುವುದಿಲ್ಲ. ತನ್ನ ಆರೋಗ್ಯಕ್ಕಾಗಿ ಏದುಸಿರು ಬಿಡುವವಳನ್ನು ಕಂಡು ನಗುತ್ತಾರೆ. ಇದು ನಮ್ಮ ಸಮಾಜ ಯೋಚಿಸತಕ್ಕ ವಿಷಯ.

ಹತ್ತು ವಾರಗಳ ಲೆಕ್ಕ

ಹತ್ತು ವಾರ ನಾನು ಈ ಕ್ರಮವನ್ನು ಬಿಡದೆ ನಡೆಸಿದೆ. ಮೊದಲ ದಿನ ೪೬ ಮೆಟ್ಟಿಲು ಹತ್ತಿ ಒಂದು ನಿಮಿಷ ನಿಂತ ಮೇಲೂ ನಾಡಿ ನಿಮಿಷಕ್ಕೆ ೧೨೮ ಇದ್ದಿತು. ಕೊನೆಯ ದಿನ ೧೦೪ಕ್ಕೆ ಇಳಿದಿತ್ತು. ಇದರಲ್ಲಿ ಮೆಟ್ಟಿಲಿನ ಪಾಲೆಷ್ಟು, ಕಬ್ಬಿಣದ ಮಾತ್ರೆಯ ಪಾಲೆಷ್ಟು ಎಂದು ಬೇರ್ಪಡಿಸಲು ಬಾರದು. ಆದುದರಿಂದ ಇದನ್ನು ಯಾರೂ ಪ್ರಮಾಣವೆಂದು ಎಣಿಸಬೇಕಾಗಿಲ್ಲ. ನನಗೆ ಮಾತ್ರ ಎರಡೂ ಬೇಕಾಗಿದ್ದವು.

ಮಹಾಶಿವರಾತ್ರಿಗೆ ಊರಿಗೆ ಹೋದಾಗ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿತ್ತು. ಆದರೂ ಒಂದು ಸಂಜೆ ಖಾಲಿ ಕೈಯಲ್ಲಿ ಅವ್ವನ ಜೊತೆ ತೋಟಕ್ಕೆ ಹೋಗಿ, ಅದೇ ದಿಣ್ಣೆಯನ್ನು ನಿಲ್ಲದೆ ಹತ್ತಿದೆ. ಈ ಬಾರಿ ನಾನು ಪರೀಕ್ಷೆಯ ಸುದ್ದಿ ಹೇಳುತ್ತಿದ್ದೆ. ಮುಕ್ಕಾಲು ದಿಣ್ಣೆಗೆ ಮಾತು ನಿಂತಿತು. "ಮುಂದೇನಾಯ್ತವ್ವಾ, ಯೋಳು" ಎಂದು ಅವ್ವ ಕಾದಳು. ಮೇಲೆ ಬಂದು ಉಸಿರೆಳೆದುಕೊಂಡು ಉಳಿದುದನ್ನು ಹೇಳಿದೆ.

ಪ್ರಿಯ ವಾಚಕರೆ, ನಮ್ಮಲ್ಲಿ ಅನೇಕರು ದುಡಿಯುವ ಮನೆಗಳಿಂದ ಬಂದವರು. ನಾಳೆ ಕುರ್ಚಿಯ ಮೇಲೆ ಕೂರುವ ಉದ್ಯೋಗಗಳನ್ನು ಹುಡುಕಿಕೊಂಡು ಹೋಗುವವರು. ತಾಯಿತಂದೆಗಳು ನಮ್ಮ ತಲೆಯಿಂದ ಹೊರೆಯನ್ನು ಇಳಿಸಿದ್ದಾರೆ. ಕಾಲಿನ ಕಸುವನ್ನು ಕಾಪಾಡಿಕೊಳ್ಳುವುದು ನಮ್ಮ ಕೆಲಸ. ಅದಕ್ಕೆ ಹಣ ಬೇಡ, ಮೈದಾನ ಬೇಡ, ದಿನಕ್ಕೆ ಮೂರು ಏದುಸಿರಿನ ನಿಮಿಷಗಳು ಸಾಕು ಆರಂಭಕ್ಕೆ. ಈ ಸಂಚಿಕೆಯನ್ನು ವಾಚನಾಲಯದಲ್ಲಿ ಓದುತ್ತಿರುವವರು ಇದನ್ನು ಮಡಿಸಿಟ್ಟು, ಒಮ್ಮೆ ಕೆಳಗಿಳಿದು, ೪೬ ಮೆಟ್ಟಿಲುಗಳನ್ನು ಬಿರುಸಾಗಿ ಹತ್ತಿ ಬಂದು ಮುಂದಿನ ಲೇಖನವನ್ನು ಓದಬೇಕೆಂದು ನನ್ನ ಪ್ರಾರ್ಥನೆ.